ಐದನೆಯ ಯಾಕೆ

ನಾನು ಒಂದು ಕಡೆ ಸುಮ್ಮನೆ ನಿಲ್ಲುವ ಮನುಷ್ಯನಲ್ಲ. ಕೂತರೆ ಕಾಲು ಕುಣಿಯುತ್ತದೆ, ನಿಂತರೆ ಕಿಸೆಯಲ್ಲಿನ ಕೀಲಿಕೈ ಸದ್ದು ಮಾಡುತ್ತದೆ. ಅಂಗಾಲಿಗೆ ಇರುವೆ ಹತ್ತಿದವರ ಹಾಗೆ ಆಡುತ್ತೀರಿ ಎಂದು ಹೆಂಡತಿ ನಗುತ್ತಾಳೆ. ಅಂಥವನನ್ನು ದಿನಾ ಬೆಳಗ್ಗೆ ಒಂಬತ್ತಕ್ಕೆ ಒಂದು ಬಿಳಿ ಹಲಗೆಯ ಮುಂದೆ ಅರ್ಧ ತಾಸು ನಿಲ್ಲಿಸುತ್ತಿದ್ದರು. ಅದಕ್ಕೆ ಮೀಟಿಂಗ್ ಎಂದು ಹೆಸರು. ಕೂತರೆ ಮಾತು ಉದ್ದವಾಗುತ್ತದೆ, ಆದ್ದರಿಂದ ನಿಂತೇ ಮಾಡಬೇಕು ಎಂಬುದು ನಿಯಮ. ಕಾಲು ನೊಂದವೇ ಹೊರತು ಮಾತು ಗಿಡ್ಡವಾದದ್ದನ್ನು ನಾನು ಕಾಣೆ.

ಪಣಜಿ ಹತ್ತಿರದ ಕುಂಡಯಿಯಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ನೀರಿನ ಬಾಟಲಿಯ ಮುಚ್ಚಳ ತಯಾರಾಗುತ್ತವೆ. ನಾಲ್ಕು ಮಷಿನ್, ಹಗಲು ಪಾಳಿಯಲ್ಲಿ ಹದಿನಾರು ಹೆಣ್ಣುಮಕ್ಕಳು, ಅವರ ಮೇಲೆ ಸೂಪರ್‌ವೈಸರ್ ಎಂದು ನಾನು. ಹೆಣ್ಣುಮಕ್ಕಳೆಲ್ಲ ವಿಜಯಪುರ, ಬಾಗಲಕೋಟೆ ಕಡೆಯವರು, ಠೇಕೇದಾರನ ಮೂಲಕ ಗುತ್ತಿಗೆಯ ಮೇಲೆ ಬಂದವರು. ನಾನು ಧಾರವಾಡದ ಕಡೆಯವನು, ಕಂಪನಿಯ ಪಟ್ಟಿಯಲ್ಲಿ ಇರುವವನು. ಮ್ಯಾನೇಜರ್ ಪುಣೆಯಿಂದ ಬಂದ ತರುಣ, ಹಿಂದಿ ಮಾತಾಡುತ್ತಿದ್ದರು. ಹೀಗಾಗಿ ಕೆಳಗಿನ ಮಾತು ಮೇಲೆ ಹೋಗಬೇಕಾದರೂ ಮೇಲಿನ ಮಾತು ಕೆಳಗೆ ಬರಬೇಕಾದರೂ ನನ್ನ ಬಾಯಿಂದಲೇ ದಾಟಬೇಕಿತ್ತು. ಬಸ್ಸು ಹತ್ತು ನಿಮಿಷ ಮೊದಲು ಬಿಡಲಿ, ಪಾಯಖಾನೆಯ ಚಿಲಕ ರಿಪೇರಿಯಾಗಲಿ, ಮುಟ್ಟಿನ ದಿನ ನಿಂತು ಮಾಡುವ ಕೆಲಸ ಬೇಡ. ಇಂಥ ಮಾತುಗಳನ್ನು ನಾನು ಮೇಲೆ ಮುಟ್ಟಿಸುತ್ತಿದ್ದೆ. ಕೆಲವು ಆಗುತ್ತಿದ್ದವು, ಕೆಲವು ಹಾಗೇ ಉಳಿಯುತ್ತಿದ್ದವು.

ಆ ಹದಿನಾರು ಮಂದಿಯಲ್ಲಿ ಒಬ್ಬರು ಐವತ್ತು ದಾಟಿದವರು. ನಾನು ಅಕ್ಕಾರ ಎನ್ನುತ್ತಿದ್ದೆ. ಅವರು ಶೆಡ್ಡಿನ ಒಳಗೆ ನನ್ನನ್ನು ಸರ್ ಎನ್ನುತ್ತಿದ್ದರು, ಗೇಟು ದಾಟಿದ ಕೂಡಲೇ ತಮ್ಮಾ ಎನ್ನುತ್ತಿದ್ದರು. ಆ ಗೇಟಿಗೆ ಅಷ್ಟು ಮಹಿಮೆ ಇದೆಯೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವರ ಕೆಲಸ ಮೂಲೆಯಲ್ಲಿ ಮಾಲು ಬೆರೆಸುವುದು. ಪ್ಲಾಸ್ಟಿಕ್ಕಿನ ಹೊಸ ಕಾಳು ನಾಲ್ಕು ಬುಟ್ಟಿ, ಒಡೆದ ಮುಚ್ಚಳಗಳನ್ನು ಬೀಸಿ ಮಾಡಿದ ಹಳೆ ಪುಡಿ ಒಂದು ಬುಟ್ಟಿ. ಊರಲ್ಲಿ ಜೋಳ ಅಳೆಯುವಾಗ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅಕ್ಕಾರೂ ಹಾಗೇ, ‘ಲಾಭ, ಎರಡು, ಮೂರು’ ಎಂದು ಎಣಿಸಿಯೇ ಸುರುವುತ್ತಿದ್ದರು. ಆರು ವರ್ಷದಲ್ಲಿ ಅವರ ಲೆಕ್ಕ ಒಂದು ಬುಟ್ಟಿ ತಪ್ಪಿದ್ದು ನನಗೆ ನೆನಪಿಲ್ಲ.

ಚೌತಿ ಮುಗಿದು ಬಿಸಿಲು ಬಿದ್ದ ಮೇಲೆ ಪೀಡೆ ಶುರುವಾಯಿತು. ನಮ್ಮ ಮುಚ್ಚಳ ಕೊಳ್ಳುವ ನೀರಿನ ಕಂಪನಿಯವರು ಒಂದು ಲಾರಿ ಮಾಲು ವಾಪಸು ಕಳಿಸಿದರು. ತಿರುವಿ ಬಿಗಿ ಮಾಡುವಾಗ ಮುಚ್ಚಳ ಬಿರಿಯುತ್ತಿವೆ ಎಂಬುದು ತಕರಾರು. ಒಂದು ವಾರದಲ್ಲಿ ಇನ್ನೊಂದು ಲಾರಿ ಬಂತು. ಕಾರಣ ಹುಡುಕಿ ಬರೆದು ಕೊಡಿ, ಇಲ್ಲದಿದ್ದರೆ ಮುಂದಿನ ಆರ್ಡರ್ ಇಲ್ಲ ಎಂದರು.

ಮ್ಯಾನೇಜರ್ ಯಾವುದೋ ಟ್ರೇನಿಂಗಿನಲ್ಲಿ ಒಂದು ವಿದ್ಯೆ ಕಲಿತು ಬಂದಿದ್ದರು. ಯಾವುದೇ ತೊಂದರೆ ಬರಲಿ, ಐದು ಸಲ ‘ಯಾಕೆ’ ಎಂದು ಕೇಳುತ್ತ ಹೋದರೆ ಬೇರು ಸಿಗುತ್ತದಂತೆ. ಮುಚ್ಚಳ ಬಿರಿಯುತ್ತದೆ, ಯಾಕೆ? ಗಟ್ಟಿ ಇಲ್ಲ. ಗಟ್ಟಿ ಇಲ್ಲ, ಯಾಕೆ? ಹೀಗೆ ಐದು. ಅದಕ್ಕೊಂದು ಫಾರ್ಮು, ಐದು ಚೌಕ. ನನ್ನ ಅಕ್ಷರ ದುಂಡಗಿದೆಯೆಂದು ಆ ಫಾರ್ಮು ತುಂಬುವ ಕೆಲಸ ನನಗೆ ಬಂತು. ವಿದ್ಯೆ ಕೆಟ್ಟದ್ದೇನಲ್ಲ. ಆದರೆ ನಮ್ಮ ಮಂದಿಗೆ ‘ಯಾಕೆ’ ಎಂದು ಸಾಹೇಬರು ಕೇಳಿದರೆ ಅದು ಪ್ರಶ್ನೆಯಲ್ಲ, ಕಟಕಟೆ. ಮೊದಲನೆಯ ಯಾಕೆಗೆ ತಲೆ ತಗ್ಗುತ್ತದೆ, ಎರಡನೆಯದಕ್ಕೆ ಬಾಯಿ ಮುಚ್ಚುತ್ತದೆ. ಇದನ್ನು ನಾನು ಮ್ಯಾನೇಜರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಮೀಟಿಂಗ್ ಇನ್ನೂ ಹತ್ತು ನಿಮಿಷ ಉದ್ದವಾಗುತ್ತಿತ್ತು.

ಮೇಲಿನವರ ಉತ್ತರಗಳಾದರೂ ಹೇಗಿದ್ದವು? ಎತ್ತು ಏರಿಗೆಳೆದರೆ ಕೋಣ ನೀರಿಗೆ. ಮಷಿನ್ ರಿಪೇರಿಯವರು ಮಾಲು ಸರಿಯಿಲ್ಲ ಎಂದರು. ಸ್ಟೋರಿನವರು ಮಾಲು ಬಂಗಾರದಂಥದ್ದು, ಮಷಿನ್ನಿನ ಶಾಖ ಹೆಚ್ಚಾಗಿದೆ ಎಂದರು. ಶಾಖ ಇಳಿಸಿದೆವು. ತಣ್ಣೀರಿನ ಪೈಪು ತೊಳೆದೆವು. ಅಚ್ಚು ಬಿಚ್ಚಿ ಉಜ್ಜಿ ಮತ್ತೆ ಕೂರಿಸಿದೆವು. ಅಮಾವಾಸ್ಯೆಯ ದಿನ ನಾಲ್ಕೂ ಮಷಿನ್ನಿಗೆ ಕಾಯಿ ಒಡೆದೆವು. ಆ ಎರಡು ವಾರದಲ್ಲಿ ಎಲ್ಲ ವಿಭಾಗಗಳೂ ಚರ್ಚೆಯಿಲ್ಲದೆ ಒಪ್ಪಿಕೊಂಡ ತೀರ್ಮಾನ ಅದೊಂದೇ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ, ನಾವು ಹಾವು ಯಾವ ಬಿಲದಲ್ಲಿದೆ ಎಂದೂ ನೋಡಿರಲಿಲ್ಲ. ಮುಚ್ಚಳಗಳು ಬಿರಿಯುತ್ತಲೇ ಇದ್ದವು.

ನನಗೆ ತಲೆ ಕೆಟ್ಟುಹೋಗಿತ್ತು. ಮೀಟಿಂಗಿನಲ್ಲಿ ನಿಂತವರ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ರೊಟ್ಟಿ ತಿನ್ನುತ್ತ ಎರಡು ಸಲ ಎದ್ದು ಅಡ್ಡಾಡುತ್ತಿದ್ದೆ. ಇಷ್ಟು ಮಂದಿ ಓದಿದವರಿಗೆ ಒಂದು ಮುಚ್ಚಳದ ಕಾರಣ ಸಿಗುವುದಿಲ್ಲವಲ್ಲ, ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಡುವವರೇ ಎಂದು ಹೆಂಡತಿಯ ಮುಂದೆ ಬಯ್ಯುತ್ತಿದ್ದೆ. ಆ ಎಲ್ಲರಲ್ಲಿ ನಾನು ಇರಲಿಲ್ಲ. ನಾನು ಬೇರೆ, ಅವರು ಬೇರೆ.

ಒಂದು ಶುಕ್ರವಾರ ಮೀಟಿಂಗಿನಲ್ಲಿ ಸ್ಟೋರಿನವರು ಮಾತಿಗೆ ಮಾತು ಬಂದು ಒಂದು ಸಂಗತಿ ಹೇಳಿದರು. ಶೆಡ್ಡಿನ ಹಿಂದೆ ಹಳೆ ಪುಡಿಯ ಚೀಲಗಳ ಗುಡ್ಡ ಇತ್ತಲ್ಲ, ಅದು ಈಗ ಇಲ್ಲ. ನಿನ್ನೆ ಹೋಗಿ ನೋಡಿದೆ, ನೆಲ ಕಾಣುತ್ತಿದೆ ಎಂದರು. ಮ್ಯಾನೇಜರ್ ಕೈಯಲ್ಲಿದ್ದ ಪೆನ್ನು ನಿಂತಿತು. ಅಷ್ಟು ಪುಡಿ ಎಲ್ಲಿ ಹೋಯಿತು? ಮುಚ್ಚಳದೊಳಗೇ ಹೋಗಿರಬೇಕು. ಹಳೆಯದು ಜಾಸ್ತಿಯಾದರೆ ಮುಚ್ಚಳ ಗಟ್ಟಿ ಬರುವುದಿಲ್ಲ, ಅದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲೂ ಆ ಬಿರಿದ ಮುಚ್ಚಳವನ್ನೇ ಮತ್ತೆ ಬೀಸಿ ಮತ್ತೆ ಬೆರೆಸಿದರೆ ಪ್ರತಿ ಸುತ್ತಿಗೂ ಇನ್ನಷ್ಟು ಪೆಡಸಾಗುತ್ತ ಹೋಗುತ್ತದೆ. ನಾಲ್ಕನೆಯ ಯಾಕೆಗೆ ಉತ್ತರ ಸಿಕ್ಕಿತು ಎಂದು ಮ್ಯಾನೇಜರ್ ಉತ್ಸಾಹದಿಂದ ಮೂಲೆಯ ಕಡೆ ನಡೆದರು. ಎಲ್ಲರೂ ಹಿಂದೆ ನಡೆದೆವು.

ಮೀಟಿಂಗಿನಿಂದ ಆ ಮೂಲೆಗೆ ನಲವತ್ತು ಹೆಜ್ಜೆ. ಹತ್ತನೆಯ ಹೆಜ್ಜೆಗೆ ನನಗೆ ಒಂದು ರಟ್ಟು ನೆನಪಾಯಿತು.

ಆಷಾಢದಲ್ಲಿ ಘಾಟಿನಲ್ಲಿ ಗುಡ್ಡ ಕುಸಿದು ಹೊಸ ಮಾಲಿನ ಲಾರಿ ಎರಡು ದಿನ ನಿಂತಿತ್ತು. ಮಷಿನ್ ನಿಲ್ಲಿಸುವಂತಿರಲಿಲ್ಲ. ಯಾರನ್ನೂ ಕೇಳುವ ಪುರುಸೊತ್ತಿಲ್ಲದೆ ನಾನು ಒಂದು ರಟ್ಟಿನ ತುಂಡು ಹರಿದು, ಅದರ ಮೇಲೆ ಮಾರ್ಕರಿನಲ್ಲಿ ‘ಸದ್ಯಕ್ಕೆ ಅರ್ಧ ಅರ್ಧ’ ಎಂದು ಬರೆದು, ಅಕ್ಕಾರ ಮೂಲೆಯ ಮೊಳೆಗೆ ತೂಗುಹಾಕಿದ್ದೆ. ಆವತ್ತು ಅದು ಒಳ್ಳೆಯ ತೀರ್ಮಾನವೇ. ಈಗಲೂ ಹಾಗೇ ಅನ್ನುತ್ತೇನೆ. ಲಾರಿ ಬಂತು. ರಟ್ಟು ತೆಗೆಯಲು ಮರೆತೆ.

ಮರೆತೆ ಎಂದರೂ ಪೂರ್ತಿ ಖರೆಯಲ್ಲ. ಅಕ್ಕಾರು ಎರಡು ಸಲ ಕೇಳಿದ್ದರು. ಒಮ್ಮೆ ಶ್ರಾವಣದಲ್ಲಿ, ಒಮ್ಮೆ ಚೌತಿಯ ರಜೆಯ ಹಿಂದಿನ ದಿನ. ‘ಸರ್, ಇನ್ನೂ ಅರ್ಧ ಅರ್ಧನ ಹಾಕ್ಲ್ಯಾ?’ ಎಂದು ಕೇಳಿದಾಗ ನಾನು ಎಲ್ಲಿಗೋ ಓಡುತ್ತಿದ್ದೆ. ಸದ್ಯಕ್ಕೆ ನಡೆಯಲಿ ಎಂದು ನಡೆಯುತ್ತಲೇ ಹೇಳಿದ್ದೆ. ಇನ್ನೊಂದು ನೆನಪೂ ಬಂತು. ಶ್ರಾವಣದ ಒಂದು ಮೀಟಿಂಗಿನಲ್ಲಿ ಮ್ಯಾನೇಜರ್ ಪೇಡೆ ಹಂಚಿದ್ದರು. ಹೊಸ ಮಾಲಿನ ಖರ್ಚು ಇಳಿದಿದೆಯೆಂದು ಮೇಲಿನ ಆಫೀಸಿನಿಂದ ಶಾಭಾಸ್ ಬಂದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಯಾಕೆ ಇಳಿಯಿತು ಎಂದು ಒಬ್ಬರೂ ಒಂದು ಸಲವೂ ಕೇಳಲಿಲ್ಲ. ನಾನು ಎರಡು ಪೇಡೆ ತಿಂದಿದ್ದೆ.

ನಾನು ಮೊದಲು ಕೆಲಸ ಕಲಿತದ್ದು ಸಾಂಕೋಲೆಯ ಒಂದು ಶೆಡ್ಡಿನಲ್ಲಿ. ಅಲ್ಲಿ ಒಬ್ಬ ವಯಸ್ಸಾದ ಫೋರ್‌ಮನ್ ಇದ್ದರು, ಕೊಂಕಣಿ ಬಿಟ್ಟು ಬೇರೆ ಮಾತು ಬಾರದವರು. ಸದ್ಯಕ್ಕೆ ಎಂದು ಯಾರಾದರೂ ಚೀಟಿ ಬರೆದರೆ ಅವರು ಅದನ್ನು ಹಿಂದಕ್ಕೆ ಕೊಟ್ಟು, ಕೆಳಗೆ ತಾರೀಖು ಬರೆ ಎನ್ನುತ್ತಿದ್ದರು. ಎಂದಿನವರೆಗೆ ಎಂದು ಬರೆಯದ ಸದ್ಯಕ್ಕೆ ಗೋರಿಯವರೆಗೆ ಬರುತ್ತದೆ ಎನ್ನುವುದು ಅವರ ಮಾತು. ನಾವು ಹಿಂದಿನಿಂದ ನಗುತ್ತಿದ್ದೆವು. ನಲವತ್ತು ಹೆಜ್ಜೆಯಲ್ಲಿ ಇದೆಲ್ಲ ನೆನಪಾಯಿತು ಎಂದರೆ ನಂಬುವುದು ಕಷ್ಟ, ಆದರೆ ಆಯಿತು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ ಆ ಮೂಲೆ ತಲುಪಿದೆ.

ಮೊಳೆ ಇತ್ತು. ರಟ್ಟು ಇರಲಿಲ್ಲ.

ಮ್ಯಾನೇಜರ್ ಹಿಂದಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಕೇಳಿದೆ. ಹೇಗೆ ಬೆರೆಸುತ್ತೀರಿ? ಅರ್ಧ ಅರ್ಧ. ಅರ್ಧ ಅರ್ಧ ಯಾಕೆ? ಅಕ್ಕಾರು ನನ್ನ ಕಡೆ ನೋಡಿದರು. ಒಂದೇ ಸಲ. ಆಮೇಲೆ ಮ್ಯಾನೇಜರ್ ಕಡೆ ತಿರುಗಿ ಸೆರಗು ಸರಿಮಾಡಿಕೊಂಡು ಕೈ ಜೋಡಿಸಿದರು.

‘ನಂದ ತಪ್ಪಾತ್ರಿ ಸಾಹೇಬ್ರ. ಇನ್ನೊಮ್ಮಿ ಹಂಗ ಮಾಡೂದಿಲ್ಲ.’

ಏನಂದರು ಎಂದು ಮ್ಯಾನೇಜರ್ ನನ್ನನ್ನು ಕೇಳಿದರು. ಸುತ್ತ ಐದಾರು ಮಂದಿ. ಹೇಳಲು ನನಗೆ ಒಂದು ಉಸಿರಿನಷ್ಟು ಹೊತ್ತಿತ್ತು. ನಾನು ಅಕ್ಕಾರ ಮಾತನ್ನು ಇದ್ದಂತೆಯೇ ಹಿಂದಿಗೆ ತಂದೆ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ನಿಷ್ಠೆಯಿಂದ ನಾನು ಯಾವ ಮಾತನ್ನೂ ತಂದಿರಲಿಲ್ಲ. ಆಮೇಲೆ ಐದನೆಯ ಚೌಕದಲ್ಲಿ ನನ್ನ ದುಂಡು ಅಕ್ಷರದಲ್ಲಿ, ಮಾಲು ಬೆರೆಸುವವರ ತಪ್ಪು ಎಂದು ಬರೆದೆ. ಮ್ಯಾನೇಜರ್ ಅದರ ಫೋಟೋ ಹೊಡೆದು ಅಲ್ಲಿಂದಲೇ ಗಿರಾಕಿ ಕಂಪನಿಗೆ ಕಳಿಸಿದರು. ಎಲ್ಲರ ಮುಖ ಹಗುರಾಯಿತು. ಊಟಕ್ಕೆ ಮೊದಲೇ ನಾಲ್ಕಕ್ಕೆ ಒಂದರ ಲೆಕ್ಕ ಮತ್ತೆ ಶುರುವಾಗಿತ್ತು.

ಸಂಜೆ ಪಾಳಿ ಬಿಟ್ಟಾಗ ಅಕ್ಕಾರು ಗೇಟಿನ ಹೊರಗೆ ನನ್ನ ಸ್ಕೂಟರಿನ ಹತ್ತಿರ ನಿಂತಿದ್ದರು. ಅವರ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಬುತ್ತಿಯ ಚೀಲದಿಂದ ಆ ರಟ್ಟು ತೆಗೆದು ನನ್ನ ಕೈಗೆ ಕೊಟ್ಟರು.

‘ಇದನ್ನ ಇಟ್ಕೊ ತಮ್ಮಾ. ನಿನ್ನ ಅಕ್ಷರ ಐತಿ.’

ನಾನು ಏನೋ ಹೇಳಲು ಹೋದೆ. ಅವರು ಬಿಡಲಿಲ್ಲ. ಸ್ಟೋರಿನವರು ಗುರುವಾರ ಹಿಂದೆ ಹೋಗಿ ಖಾಲಿ ನೆಲ ನೋಡಿ ಬಂದದ್ದನ್ನು ಹೆಣ್ಣುಮಕ್ಕಳು ಕಂಡಿದ್ದರು. ಮರುದಿನ ಏನು ನಡೆಯುತ್ತದೆ ಎಂದು ಅವರಿಗೆ ಆಗಲೇ ತಿಳಿಯಿತು. ನಮಗೆ ಎರಡು ವಾರ ಹಿಡಿದದ್ದನ್ನು ಅವರು ಊಟಕ್ಕೆ ಕೂತಾಗ ಬಗೆಹರಿಸಿದ್ದರು. ನಲ್ಲಿಯ ಕಟ್ಟೆಯ ಸುತ್ತ ಹದಿನಾರೂ ಮಂದಿ ಕೂತು, ಯಾರ ಮೇಲೆ ಬಂದರೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಿದ್ದರು.

‘ನಿನ್ನ ಮ್ಯಾಲೆ ಬಂದ್ರ ದೊಡ್ಡದಾಕ್ಕೈತಿ,’ ಎಂದರು ಅಕ್ಕಾರು. ‘ನನ್ನ ಮ್ಯಾಲೆ ಬಂದ್ರ ಬೈತಾರ, ಬಿಡ್ತಾರ. ನೀ ಹೋದ್ರ ನಮ್ಮ ಮಾತು ಮ್ಯಾಲೆ ಮುಟ್ಟಸವ್ರು ಯಾರದಾರ?’

ಬಸ್ಸು ಹೊರಟಿತು, ಅವರು ಓಡಿ ಹತ್ತಿದರು.

ಅವರ ಲೆಕ್ಕದಲ್ಲಿ ಒಂದೇ ಒಂದು ತಪ್ಪಿತ್ತು. ಮನೆಯಲ್ಲಿ, ಓಣಿಯಲ್ಲಿ, ದೊಡ್ಡವರ ಸಿಟ್ಟಿನ ಮುಂದೆ ಕೈ ಮುಗಿದು ನನ್ನದೇ ತಪ್ಪು ಎಂದುಬಿಟ್ಟರೆ ಜಗಳ ಅಲ್ಲಿಗೆ ಮುಗಿಯುತ್ತದೆ. ತಪ್ಪು ಒಪ್ಪಿಕೊಂಡವರನ್ನು ಮತ್ತೆ ಎತ್ತಿ ಆಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕಾರ್ಖಾನೆಯೂ ಹಾಗೇ ಎಂದು ಅವರು ತಿಳಿದಿದ್ದರು. ಇಲ್ಲಿ ತಪ್ಪು ಕಾಗದಕ್ಕೆ ಹೋಗುತ್ತದೆ, ಕಾಗದ ಊರೂರು ತಿರುಗುತ್ತದೆ, ಸಾಹೇಬರ ಸಿಟ್ಟು ಇಳಿದರೂ ಕಾಗದದ್ದು ಇಳಿಯುವುದಿಲ್ಲ. ಅದು ನನಗೆ ಗೊತ್ತಿತ್ತು. ಶನಿವಾರ ಮಧ್ಯಾಹ್ನ ಮೊಬೈಲಿಗೆ ಮ್ಯಾನೇಜರ್ ಸಂದೇಶ ಬಂತು. ಗಿರಾಕಿ ಕಂಪನಿಯವರು ಏನು ಕ್ರಮ ತೆಗೆದುಕೊಂಡಿರಿ ಎಂದು ಕೇಳಿದ್ದಾರೆ, ಮಾಲು ಬೆರೆಸುವವರನ್ನು ಸೋಮವಾರದಿಂದ ಕಳಿಸಬೇಡ ಎಂದು ಠೇಕೇದಾರನಿಗೆ ಹೇಳಿದ್ದೇನೆ, ಬದಲಿ ನೋಡಿಕೊಳ್ಳಿ.

ಭಾನುವಾರ ನನಗೆ ಮನೆಯಲ್ಲಿ ಇರಲಾಗಲಿಲ್ಲ. ಸ್ಕೂಟರ್ ಹತ್ತಿ ಫೋಂಡಾದಿಂದ ಪಣಜಿಗೆ ಹೋದೆ. ಪಣಜಿಯಲ್ಲಿ ನನಗೇನೂ ಕೆಲಸವಿರಲಿಲ್ಲ. ಧಕ್ಕೆಯಲ್ಲಿ ನದಿ ದಾಟಿಸುವ ಫೆರ್ರಿ ನಿಂತಿತ್ತು, ಹತ್ತಿದೆ. ಆಚೆ ದಡದಲ್ಲಿ ಎಲ್ಲರೂ ಇಳಿದರು, ನಾನು ಇಳಿಯಲಿಲ್ಲ. ಈಚೆ ದಡಕ್ಕೆ ಬಂತು, ಇಲ್ಲೂ ಇಳಿಯಲಿಲ್ಲ. ಹೀಗೆ ನಾಲ್ಕು ಸಲವೋ ಐದು ಸಲವೋ ಆದ ಮೇಲೆ ಹಗ್ಗ ಕಟ್ಟುವವನು ಹತ್ತಿರ ಬಂದು, ಎಲ್ಲಿ ಹೋಗಬೇಕು ಎಂದು ಕೊಂಕಣಿಯಲ್ಲಿ ಕೇಳಿದ. ಮುಂದಿನ ಸಲ ಈಚೆ ದಡ ಬಂದಾಗ ಇಳಿದುಬಿಟ್ಟೆ. ಮನೆಗೆ ಬಂದು ಹೆಂಡತಿಯ ಮುಂದೆ ರಟ್ಟು ಇಟ್ಟು ಎಲ್ಲ ಹೇಳಿದೆ. ಅವಳು ಓದಿದಳು, ತಿರುಗಿಸಿ ಹಿಂಬದಿ ನೋಡಿದಳು. ನಾಳೆ ಇದನ್ನು ಒಯ್ಯುತ್ತೀರೋ, ಇಲ್ಲ ಒಲೆಗೆ ಹಾಕಲೋ ಎಂದಷ್ಟೇ ಕೇಳಿದಳು.

ಒಯ್ದೆ. ಮೀಟಿಂಗಿಗೆ ಮೊದಲು ಮ್ಯಾನೇಜರ್ ಕೋಣೆಗೆ ಹೋಗಿ, ಬಾಗಿಲು ಹಾಕಿ, ರಟ್ಟನ್ನು ಮೇಜಿನ ಮೇಲೆ ಇಟ್ಟು ನಿಜ ಹೇಳಿದೆ. ಅವರು ಕೆಟ್ಟ ಮನುಷ್ಯನಲ್ಲ. ರಟ್ಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಆಮೇಲೆ ಫೈಲ್ ಮುಚ್ಚಿಯಾಗಿದೆ ಎಂದರು. ಗಿರಾಕಿಗಳು ಒಪ್ಪಿದ್ದಾರೆ. ಈಗ ಕಾರಣ ಬದಲಾಯಿಸಿದರೆ ಮೊದಲು ಸುಳ್ಳು ಬರೆದಿರಾ ಎಂದು ಕೇಳುತ್ತಾರೆ, ಆರ್ಡರ್ ಹೋಗುತ್ತದೆ, ಹದಿನಾರು ಮಂದಿಗೂ ಕೆಲಸ ಇರುವುದಿಲ್ಲ. ಸದ್ಯಕ್ಕೆ ಹೀಗೇ ಇರಲಿ, ಗದ್ದಲ ತಣ್ಣಗಾದ ಮೇಲೆ ಆ ಹೆಂಗಸನ್ನು ಮತ್ತೆ ಕರೆಸೋಣ ಎಂದರು.

ಎಂದಿನವರೆಗೆ ಎಂದು ನಾನು ಕೇಳಬೇಕಿತ್ತು. ತಾರೀಖು ಬರೆಯಿರಿ ಎನ್ನಬೇಕಿತ್ತು. ಆಯಿತು ಸರ್ ಎಂದು ರಟ್ಟು ಎತ್ತಿಕೊಂಡು ಹೊರಗೆ ಬಂದೆ. ಶುಕ್ರವಾರದ್ದು ಹೆದರಿಕೆ, ಸೋಮವಾರದ್ದು ಹೇಡಿತನ. ಹೆದರಿಕೆಗೆ ಯೋಚಿಸಲು ಹೊತ್ತಿರಲಿಲ್ಲ, ಹೇಡಿತನಕ್ಕೆ ಎರಡು ದಿನ ಸಿಕ್ಕಿದ್ದವು. ಈ ವ್ಯತ್ಯಾಸ ನನಗೆ ಆವತ್ತೇ ಗೊತ್ತಾಯಿತು, ಆದರೂ ಕೆಲಸಕ್ಕೆ ಹೋದೆ.

ಅಕ್ಕಾರ ಜಾಗಕ್ಕೆ ಬೇರೊಬ್ಬರು ಬಂದರು. ಮುಚ್ಚಳ ಗಟ್ಟಿಯಾದವು. ಮೀಟಿಂಗಿನಲ್ಲಿ ಎಲ್ಲ ಸುಸೂತ್ರ. ಆದರೆ ಶೆಡ್ಡಿನಲ್ಲಿ ಒಂದು ಹೊಸ ಸಂಗತಿ ಶುರುವಾಗಿತ್ತು. ಹೆಣ್ಣುಮಕ್ಕಳು ನನಗೆ ಏನೂ ಹೇಳುತ್ತಿರಲಿಲ್ಲ. ಮೊದಲು ಹೋದಲ್ಲಿ ಬಂದಲ್ಲಿ ತಡೆದು, ಸರ್ ಈ ಬೆಲ್ಟು ಜಾರುತ್ತದೆ, ಸರ್ ಆ ಲೈಟು ಹೋಗಿದೆ ಎನ್ನುತ್ತಿದ್ದವರು ಈಗ ಏನು ಕೇಳಿದರೂ, ‘ಏನಿಲ್ರಿ ಸರ್, ಎಲ್ಲಾ ಚಲೋ ಐತ್ರಿ’ ಎನ್ನುತ್ತಿದ್ದರು. ಮೊಗದಲ್ಲಿ ಸಿಟ್ಟಿಲ್ಲ, ಮಾತಿನಲ್ಲಿ ಮರ್ಯಾದೆ ಕಡಿಮೆಯಿಲ್ಲ. ಅವರ ಮಾತು ಮೇಲೆ ಮುಟ್ಟಲಿ ಎಂದಲ್ಲವೆ ಒಬ್ಬರು ಕೆಲಸ ಕಳೆದುಕೊಂಡದ್ದು? ಈಗ ಮುಟ್ಟಿಸಲು ನನ್ನ ಹತ್ತಿರ ಮಾತೇ ಇರಲಿಲ್ಲ. ನಾನು ನಾಲ್ಕೂ ಮಷಿನ್ ಸುತ್ತ ದಿನಾ ಹತ್ತು ಸಲ ತಿರುಗುತ್ತಿದ್ದೆ, ಗಾಣದ ಎತ್ತಿಗಾದರೂ ಒಂದಿಷ್ಟು ಎಣ್ಣೆ ಕಾಣುತ್ತಿತ್ತು.

ಅಕ್ಕಾರು ಒಂದು ಗೇರುಬೀಜದ ಕಾರ್ಖಾನೆ ಸೇರಿದ್ದಾರೆಂದು ತಿಳಿಯಿತು. ಮೂರನೆಯ ವಾರ ಒಂದು ಸಂಜೆ ಫೋಂಡಾ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತೆ. ಬಸ್ಸಿನಿಂದ ಇಳಿದರು. ಬೆರಳುಗಳು ಬೀಜದ ಎಣ್ಣೆಗೆ ಕಪ್ಪಾಗಿದ್ದವು. ನಾನು ತಪ್ಪಾಯಿತು ಎಂದೆ, ಮ್ಯಾನೇಜರಿಗೆ ಒಳಗೆ ಹೇಳಿದ್ದೇನೆ ಎಂದೆ, ಸ್ವಲ್ಪ ದಿನದಲ್ಲಿ ಮತ್ತೆ ಕರೆಸುತ್ತಾರೆ ಎಂದೆ. ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

‘ಇದನ್ನ ನನ್ನ ಮುಂದ ಯಾಕ ಹೇಳ್ತೀರಿ ಸರ್? ನನಗ ಗೊತ್ತೈತಿ. ಗೊತ್ತಿಲ್ಲದವ್ರ ಮುಂದ ಹೇಳ್ರಿ.’

ಅದು ಬಸ್ ಸ್ಟ್ಯಾಂಡು. ಕಾರ್ಖಾನೆಯ ಗೇಟು ಎಲ್ಲೋ ದೂರ ಇತ್ತು. ಆದರೂ ಅವರು ತಮ್ಮಾ ಎನ್ನಲಿಲ್ಲ, ಸರ್ ಎಂದರು. ಬೈದಿದ್ದರೆ ನಾನು ಆವತ್ತು ನಿದ್ದೆ ಮಾಡುತ್ತಿದ್ದೆ.

ನಮ್ಮಲ್ಲಿ ಸೋಮವಾರ ಮಾತ್ರ ಮೀಟಿಂಗಿಗೆ ಹೆಣ್ಣುಮಕ್ಕಳೂ ಬರಬೇಕು. ಎಲ್ಲರೂ ಸಾಲಾಗಿ ನಿಂತು ಸುರಕ್ಷತೆಯ ಪ್ರತಿಜ್ಞೆ ಹೇಳಬೇಕು. ಮ್ಯಾನೇಜರ್ ಹಿಂದಿಯಲ್ಲಿ ಓದುತ್ತಾರೆ, ನಾನು ಕನ್ನಡದಲ್ಲಿ ಓದುತ್ತೇನೆ. ಅದರ ಮುಂದಿನ ಸೋಮವಾರ ಪ್ರತಿಜ್ಞೆ ಮುಗಿದ ಮೇಲೆ ನಾನು ಹಾಳೆ ಮಡಚಿ ಕಿಸೆಗೆ ಹಾಕಿ, ಅಂಗಿಯ ಒಳಗಿಟ್ಟಿದ್ದ ರಟ್ಟು ಹೊರಗೆ ತೆಗೆದೆ. ಮೊದಲು ಕನ್ನಡದಲ್ಲಿ ಹೇಳಿದೆ. ಯಾವಾಗಲೂ ಹಿಂದಿಯಿಂದ ಕನ್ನಡಕ್ಕೆ ತರುತ್ತಿದ್ದ ನಾನು ಆವತ್ತು ತಿರುವುಮುರುವು ಮಾಡಿದೆ.

‘ಅಕ್ಕಾರ್ದು ತಪ್ಪಿಲ್ಲ. ಅರ್ಧ ಅರ್ಧ ಹಾಕ್ರಿ ಅಂತ ಬರದಾಂವ ನಾನು. ಅವ್ರು ಎರಡು ಸಲ ಕೇಳಿದಾಗ, ಸದ್ಯಕ್ಕ ನಡೀಲಿ ಅಂದಾಂವ ನಾನು. ಎಲ್ಲಾರ ಮುಂದ ಬಾಯಿ ಮುಚ್ಕೊಂಡು ನಿಂತಾಂವನೂ ನಾನ.’

ಆಮೇಲೆ ಅದನ್ನೇ ಹಿಂದಿಯಲ್ಲಿ ಹೇಳಿ ರಟ್ಟನ್ನು ಬಿಳಿ ಹಲಗೆಯ ಮೇಲೆ ಅಂಟಿಸಿದೆ. ಮ್ಯಾನೇಜರ್ ಮುಖ ಕೆಂಪಾಯಿತು. ಸ್ಟೋರಿನವರು ನೆಲ ನೋಡಿದರು, ರಿಪೇರಿಯವರು ಸೂರು ನೋಡಿದರು. ನಾನು ನಿಂತಲ್ಲೇ ನಿಂತಿದ್ದೆ. ಮ್ಯಾನೇಜರ್ ಬೈಯುತ್ತಾರೆಂದು ಕಾದೆ. ಅವರು ಮಾರ್ಕರ್ ತೆಗೆದುಕೊಂಡು ಹಲಗೆಯ ಮೇಲೆ ಐದನೆಯ ಯಾಕೆ ಎಂದು ಬರೆದು, ಅದರ ಮುಂದೆ ಮೊದಲು ನನ್ನ ಹುದ್ದೆ ಬರೆದರು. ಸ್ವಲ್ಪ ತಡೆದು, ಅದರ ಕೆಳಗೆ ತಮ್ಮದನ್ನೂ ಬರೆದರು. ಖರ್ಚು ಇಳಿದಾಗ ನಾನೂ ಕೇಳಲಿಲ್ಲ ಎಂದು ಹಿಂದಿಯಲ್ಲಿ, ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದರು. ನಾನು ಅದನ್ನು ಕನ್ನಡಕ್ಕೆ ತಂದೆ.

ನನಗೆ ಎಚ್ಚರಿಕೆಯ ಪತ್ರ ಬಂತು, ಅದು ಈಗಲೂ ನನ್ನ ಫೈಲಿನಲ್ಲಿದೆ. ಗಿರಾಕಿ ಕಂಪನಿಗೆ ಹೊಸ ಕಾರಣ ಬರೆದು ಕಳಿಸಿದೆವು. ಆರ್ಡರ್ ಹೋಗಲಿಲ್ಲ. ತಿದ್ದಿದ ಪ್ರತಿ ಸಿಕ್ಕಿತು ಎಂದು ಒಂದು ಸಾಲು ಬಂತು, ಅಷ್ಟೇ. ಅಷ್ಟು ಸಣ್ಣ ಸಂಗತಿಗೆ ಹೆದರಿ ನಾವು ಒಬ್ಬರ ಕೆಲಸ ತೆಗೆದಿದ್ದೆವು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಕ್ಕಾರನ್ನು ವಾಪಸು ಕರೆಸಿ ಎಂದು ಮ್ಯಾನೇಜರ್ ಅದೇ ದಿನ ಠೇಕೇದಾರನಿಗೆ ಫೋನ್ ಮಾಡಿದರು. ಉತ್ತರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ.

ಬುಧವಾರ ಎರಡನೆಯ ಮಷಿನ್ನಿನ ಹೆಣ್ಣುಮಗಳು ನನ್ನನ್ನು ತಡೆದಳು. ಮೂರು ವಾರದಲ್ಲಿ ಮೊದಲ ಸಲ ಒಬ್ಬರು ತಾವಾಗಿ ನನ್ನನ್ನು ತಡೆದಿದ್ದರು. ಅಕ್ಕಾರ ಓಣಿಯಲ್ಲೇ ಇವಳ ಮನೆ.

‘ಅಕ್ಕಾರು ಬರೂದಿಲ್ಲಂತ್ರಿ ಸರ್. ಆದ್ರ ಇನ್ನ ಮ್ಯಾಲೆ ನಿಮಗ ಹೇಳ್ರಿ ಅಂದಾರ.’

ಏನು ಹೇಳಬೇಕಂತೆ ಎಂದು ಕೇಳಿದೆ. ಅವಳು ಕೈಗವಸು ತೆಗೆದು ಮಷಿನ್ನಿನ ಹಿಂಭಾಗ ತೋರಿಸಿದಳು. ಅಲ್ಲಿಂದ ಸುಟ್ಟ ವಾಸನೆ ಬರುತ್ತದಂತೆ, ವೈರು ಬಿಸಿಯಾಗುತ್ತದಂತೆ. ಎಷ್ಟು ದಿನವಾಯಿತು ಎಂದೆ. ಅವಳು ಕೈಗವಸು ಮತ್ತೆ ಹಾಕಿಕೊಂಡಳು.

‘ಅಕ್ಕಾರು ಹೋದ ಮರುದಿನದಿಂದ್ರಿ.’

ಮಷಿನ್ ನಿಲ್ಲಿಸಿ ಎಂದು ಕೂಗಿದೆ. ಹಿಂದೆ ಹೋಗಿ ಬಗ್ಗಿ ನೋಡಿದೆ. ವೈರಿನ ಮೈ ಕರಗಿ ತಗಡಿಗೆ ಅಂಟಿತ್ತು, ಕಪ್ಪು ಕಲೆ ಒಂದು ಗೇಣು ಮೇಲಕ್ಕೆ ಹೋಗಿತ್ತು. ದಿನಕ್ಕೆ ಹತ್ತು ಸಲ ನಾನು ಅದೇ ದಾರಿಯಲ್ಲಿ ಹೋಗಿ ಬಂದಿದ್ದೆ.